ಮೆಕ್ಕೆಜೋಳದ ಚೀಟಿಯಿಂದ ಪೈಥಾನ್ ಕಲಿಯಿರಿ: ಏನೂ ಗೊತ್ತಿಲ್ಲದವರಿಗೆ ಪ್ರೋಗ್ರಾಮಿಂಗ್ ಮಾರ್ಗದರ್ಶಿ

ಪ್ರೋಗ್ರಾಮಿಂಗ್ ಕಲಿಯಲು ಹೊರಟ ಬಹಳ ಮಂದಿ ಎರಡನೇ ವಾರಕ್ಕೇ ಕೈಬಿಡುತ್ತಾರೆ. ಕ್ಲಾಸಿನಲ್ಲಿ ಕೊಡುವ ಲೆಕ್ಕಗಳಿಗೂ ಅವರ ಬದುಕಿಗೂ ಸಂಬಂಧವೇ ಇರುವುದಿಲ್ಲ. ನಕ್ಷತ್ರಗಳನ್ನು ತ್ರಿಕೋನದ ಆಕಾರದಲ್ಲಿ ಮುದ್ರಿಸು, ಅವಿಭಾಜ್ಯ ಸಂಖ್ಯೆ ಹುಡುಕು ಎಂದರೆ ಉತ್ತರ ಸರಿ ಬಂತೋ ತಪ್ಪು ಬಂತೋ ಎಂದು ಹೊಸಬರಿಗೆ ಗೊತ್ತಾಗುವುದೇ ಇಲ್ಲ. ಕೊನೆಗೆ ನೋಟ್ಸ್ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆಯುತ್ತಾರೆ.

ಆದ್ದರಿಂದ ಒಂದೇ ಒಂದು ನಿಯಮ ಇಟ್ಟುಕೊಳ್ಳಿ: ಕೈಯಲ್ಲಿ ಮಾಡಿ ಗೊತ್ತಿರುವ ಲೆಕ್ಕವನ್ನೇ ಕಂಪ್ಯೂಟರ್‌ಗೆ ಕಲಿಸಿ. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹಾಕಿ ಬಂದ ಮನೆಯವರಿಗೆ ಚೀಲ, ಕೆಜಿ, ಕ್ವಿಂಟಾಲ್, ಹಮಾಲಿ ಎಲ್ಲ ಗೊತ್ತು. ಚಳ್ಳಕೆರೆ ಕಡೆಯವರಾದರೆ ಶೇಂಗಾ ಇಟ್ಟುಕೊಳ್ಳಿ, ಚನ್ನಗಿರಿಯವರಾದರೆ ಅಡಿಕೆ. ನಾವು ಇಲ್ಲಿ ಮೆಕ್ಕೆಜೋಳದ ಒಂದು ತೂಕದ ಚೀಟಿಯನ್ನೇ ಹಿಡಿದು ಕೊನೆಯವರೆಗೆ ಹೋಗುತ್ತೇವೆ. ಪ್ರೋಗ್ರಾಮಿಂಗ್‌ನ ಮೂಲ ವಿಷಯಗಳೆಲ್ಲ ಅದರೊಳಗೇ ಇವೆ.

ಯಾವ ಭಾಷೆ, ಯಾವ ಯಂತ್ರ

ಪೈಥಾನ್‌ನಿಂದ ಶುರು ಮಾಡಿ. 1991ರಲ್ಲಿ ಮೊದಲು ಹೊರಬಂದ ಈ ಭಾಷೆ ಉಚಿತ. ಒಂದು ಸಾಲು ಬರೆದು ತಕ್ಷಣ ಉತ್ತರ ನೋಡಬಹುದು. ಸಿ ಭಾಷೆ ಒಳ್ಳೆಯದೇ, ಕಾಲೇಜಿನ ಸಿಲಬಸ್‌ನಲ್ಲಿದ್ದರೆ ಕಲಿಯಲೇಬೇಕು. ಆದರೆ ಎರಡು ಸಂಖ್ಯೆ ಕೂಡಿಸುವ ಮೊದಲೇ ಅದರಲ್ಲಿ ನಾಲ್ಕೈದು ಸಾಲು ಶಿಷ್ಟಾಚಾರ ಬರೆಯಬೇಕು, ಹೊಸಬರಿಗೆ ಅದು ಭಾರ. ಪೈಥಾನ್ ಕೈಗೆ ಬಂದ ಮೇಲೆ ಸಿ ಕಲಿಯುವುದು ಬೇಗ ಆಗುತ್ತದೆ.

ದುಬಾರಿ ಲ್ಯಾಪ್‌ಟಾಪ್ ಬೇಡ. 4 ಜಿಬಿ ರ್‍ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್ ಧಾರಾಳವಾಗಿ ಸಾಕು. ಯಂತ್ರದಲ್ಲಿ ವಿಂಡೋಸ್ 7 ಇದ್ದರೆ ಈಗಿನ ಪೈಥಾನ್ ಇನ್‌ಸ್ಟಾಲ್ ಆಗುವುದಿಲ್ಲ. ಅದಕ್ಕೆ ಕೂರುವ ಕೊನೆಯ ಆವೃತ್ತಿ 3.8. ಕಲಿಯುವುದಕ್ಕೆ ಅದೂ ಸಾಕು, ತಪ್ಪು ತೋರಿಸುವ ಸಂದೇಶಗಳು ಮಾತ್ರ ಹೊಸದರಷ್ಟು ವಿವರವಾಗಿರುವುದಿಲ್ಲ. ಆವೃತ್ತಿ 2 ಇರುವ ಹಳೆಯ ಪುಸ್ತಕ ಸಿಕ್ಕರೆ ಬದಿಗಿಡಿ. ಅದರ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ. ಅದರಲ್ಲಿ ಪ್ರಿಂಟ್ ಆಜ್ಞೆಗೆ ಆವರಣ ಚಿಹ್ನೆ ಇರುವುದಿಲ್ಲ, ಹಾಗೇ ಬರೆದರೆ ಈಗ ತಪ್ಪು ಬರುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಎಂಬ ಆ್ಯಪ್ ಹಾಕಿಕೊಳ್ಳಬಹುದು. ಕಂಪ್ಯೂಟರ್ ಇರುವ ಗ್ರಾಮ ಪಂಚಾಯಿತಿ ಅರಿವು ಕೇಂದ್ರ (ಗ್ರಂಥಾಲಯ) ಹತ್ತಿರವಿದ್ದರೆ ವಾರಕ್ಕೆ ಎರಡು ದಿನ ಅಲ್ಲಿ ಕೂತು, ಉಳಿದ ದಿನ ಫೋನಿನಲ್ಲಿ ಅಭ್ಯಾಸ ಮಾಡಬಹುದು. ಫೋನಿನಲ್ಲಿ ಒಂದು ತೊಂದರೆ ಖಂಡಿತ ಬರುತ್ತದೆ: ಕೀಬೋರ್ಡ್ ಸಾಲಿನ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುತ್ತದೆ. ಪೈಥಾನ್‌ಗೆ ದೊಡ್ಡ ಅಕ್ಷರದ ಪ್ರಿಂಟ್ ಬೇರೆ, ಸಣ್ಣ ಅಕ್ಷರದ ಪ್ರಿಂಟ್ ಬೇರೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ಕ್ಯಾಪಿಟಲೈಸೇಶನ್ ಮತ್ತು ಆಟೋ ಕರೆಕ್ಟ್ ಎರಡನ್ನೂ ಆಫ್ ಮಾಡಿ.

ಇನ್‌ಸ್ಟಾಲ್ ಮಾಡುವುದು

ಪೈಥಾನ್ ಡಾಟ್ ಆರ್ಗ್ ಎಂಬ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗಡೆ ಪಾತ್ ಎಂಬ ಪದವಿರುವ ಚೌಕ ಕಂಡರೆ ಟಿಕ್ ಹಾಕಿ ಮುಂದುವರಿಯಿರಿ. ಇದನ್ನು ಬಿಟ್ಟರೆ ಮುಂದೆ ವಿಂಡೋಸ್‌ನ ಕಪ್ಪು ಪರದೆಯಾದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳಬಹುದು. ಆಗ ಪೈಥಾನ್ ಇಲ್ಲವೆಂದು ಗಾಬರಿಯಾಗಬೇಡಿ. ಅದು ಇದೆ, ಎಲ್ಲಿದೆ ಎಂದು ವಿಂಡೋಸ್‌ಗೆ ಗೊತ್ತಿಲ್ಲ ಅಷ್ಟೆ. ಇನ್‌ಸ್ಟಾಲರ್ ಮತ್ತೊಮ್ಮೆ ನಡೆಸಿ ಟಿಕ್ ಹಾಕಿ.

ಸ್ಟಾರ್ಟ್ ಮೆನುವಿನಲ್ಲಿ ಐಡಲ್ ಎಂಬ ಪ್ರೋಗ್ರಾಂ ಸಿಗುತ್ತದೆ, ಪೈಥಾನ್ ಜೊತೆಗೇ ಬಂದದ್ದು. ಮೊದಲ ತಿಂಗಳು ಇದರಲ್ಲೇ ಕೆಲಸ ಮಾಡಿ. ವಿಎಸ್ ಕೋಡ್‌ನಂಥ ದೊಡ್ಡ ಎಡಿಟರ್‌ಗಳು ನೀವು ಎರಡಕ್ಷರ ಹೊಡೆಯುವಷ್ಟರಲ್ಲಿ ಪೂರ್ತಿ ಸಾಲನ್ನೇ ಮುಂದಿಡುತ್ತವೆ, ಅದು ಕೆಲಸಗಾರನಿಗೆ ಅನುಕೂಲ, ಕಲಿಯುವವನಿಗೆ ನಷ್ಟ. ಇನ್ನೊಂದು ಕಾರಣವೂ ಇದೆ: ವಿಂಡೋಸ್‌ನ ಹಳೆಯ ಕಪ್ಪು ಕಮಾಂಡ್ ಪರದೆಯಲ್ಲಿ ಕನ್ನಡ ಅಕ್ಷರಗಳು ಚೌಕಗಳಾಗಿ ಕಾಣುತ್ತವೆ, ಐಡಲ್‌ನಲ್ಲಿ ಓದಲು ಬರುತ್ತದೆ.

ಐಡಲ್ ತೆರೆದಾಗ ಬರುವುದು ಶೆಲ್ ಕಿಟಕಿ. ಅಲ್ಲಿ ಬರೆದ ಸಾಲು ಎಂಟರ್ ಒತ್ತಿದ ಕೂಡಲೇ ನಡೆಯುತ್ತದೆ, ಉಳಿಯುವುದಿಲ್ಲ. ಉಳಿಸಬೇಕಾದರೆ ಫೈಲ್ ಮೆನುವಿನಲ್ಲಿ ನ್ಯೂ ಫೈಲ್ ತೆರೆದು, ಅಲ್ಲಿ ಬರೆದು, ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿ, ಎಫ್5 ಒತ್ತಿ ನಡೆಸಬೇಕು. ಕಡತಕ್ಕೆ ನಿಮ್ಮದೇ ಹೆಸರು ಕೊಡಿ: ಚೀಟಿ1, ಚೀಟಿ2 ಹೀಗೆ. ರ್‍ಯಾಂಡಮ್, ಟರ್ಟಲ್, ಮ್ಯಾಥ್ ಎಂಬ ಹೆಸರು ಇಡಬೇಡಿ. ಅವು ಪೈಥಾನ್‌ನ ಒಳಗಿನ ಭಾಗಗಳ ಹೆಸರು. ಮುಂದೆ ಟರ್ಟಲ್ ಬೇಕೆಂದು ಕರೆದಾಗ ಪೈಥಾನ್ ತನ್ನದನ್ನು ಬಿಟ್ಟು ನಿಮ್ಮ ಕಡತವನ್ನೇ ತೆರೆದು ಅರ್ಥವಾಗದ ತಪ್ಪು ತೋರಿಸುತ್ತದೆ.

ಕನ್ನಡ ಎಲ್ಲಿ, ಇಂಗ್ಲಿಷ್ ಎಲ್ಲಿ

ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು. ಪ್ರಿಂಟ್ ಅಂದರೆ ಪಿ, ಆರ್, ಐ, ಎನ್, ಟಿ. ಇನ್‌ಪುಟ್ ಅಂದರೆ ಐ, ಎನ್, ಪಿ, ಯು, ಟಿ. ಇಂಟ್: ಐ, ಎನ್, ಟಿ. ಫ್ಲೋಟ್: ಎಫ್, ಎಲ್, ಒ, ಎ, ಟಿ. ವೈಲ್: ಡಬ್ಲ್ಯೂ, ಎಚ್, ಐ, ಎಲ್, ಇ. ಎಲಿಫ್: ಇ, ಎಲ್, ಐ, ಎಫ್. ಡೆಫ್: ಡಿ, ಇ, ಎಫ್. ಲೆನ್: ಎಲ್, ಇ, ಎನ್. ಉಳಿದ ಇಫ್, ಎಲ್ಸ್, ಬ್ರೇಕ್, ರಿಟರ್ನ್, ಸಮ್, ಅಪೆಂಡ್ ಎಲ್ಲ ಇಂಗ್ಲಿಷ್ ಪುಸ್ತಕದಲ್ಲಿರುವ ಕಾಗುಣಿತವೇ. ಸಣ್ಣ ಅಕ್ಷರಕ್ಕೆ ಅಪವಾದ ಟ್ರೂ ಮತ್ತು ಫಾಲ್ಸ್: ಇವೆರಡರ ಮೊದಲ ಅಕ್ಷರ ದೊಡ್ಡದು.

ನೀವು ಇಡುವ ಹೆಸರುಗಳು ಮಾತ್ರ ಕನ್ನಡದಲ್ಲೇ ಇರಬಹುದು. ಪೈಥಾನ್ 3 ಚೀಲ, ಬೆಲೆ, ತೂಕ ಎಂಬ ಹೆಸರುಗಳನ್ನು ಹಾಗೇ ಒಪ್ಪುತ್ತದೆ. ಕೀಬೋರ್ಡ್ ಬದಲಿಸಲು ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ. ನುಡಿ ತಂತ್ರಾಂಶ ಬಳಸುವವರು ಯೂನಿಕೋಡ್ ಆಯ್ಕೆಯಲ್ಲೇ ಇರಬೇಕು. ಹಳೆಯ ಫಾಂಟ್ ಪದ್ಧತಿಯಲ್ಲಿ ಟೈಪ್ ಮಾಡಿದ್ದು ಪೈಥಾನ್‌ಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಚಿಹ್ನೆಗಳ ಗೋಜಲು.

ಕನ್ನಡದವರಿಗಷ್ಟೇ ಬರುವ ಎರಡು ತೊಡಕು ಯಾವ ಇಂಗ್ಲಿಷ್ ಪಾಠದಲ್ಲೂ ಸಿಗುವುದಿಲ್ಲ, ಆದ್ದರಿಂದ ಗಮನಿಸಿ. ಮೊದಲನೆಯದು, ಅರ್ಧಾಕ್ಷರದ ನಂತರ ಒತ್ತು ಬೀಳದಿರಲಿ ಎಂದು ನಾವು ನಡುವೆ ಸೇರಿಸುವ ಕಣ್ಣಿಗೆ ಕಾಣದ ಅಕ್ಷರ. ಕ್ವಿಂಟಾಲ್ ಎಂಬ ಹೆಸರಿಗೆ ಬೆಲೆ ಎಂಬುದನ್ನು ಅಂಟಿಸಿ ಒಂದೇ ಪದ ಮಾಡಿದರೆ ಆ ಅಕ್ಷರ ನುಸುಳುತ್ತದೆ, ಪೈಥಾನ್ ಅದನ್ನು ಹೆಸರಿನೊಳಗೆ ಒಪ್ಪದೆ ಸಿಂಟ್ಯಾಕ್ಸ್ ಎರರ್ (ಬರೆದ ರೀತಿಯೇ ತಪ್ಪು ಎಂಬ ಸಂದೇಶ) ಕೊಡುತ್ತದೆ. ಪರದೆಯ ಮೇಲೆ ಏನೂ ತಪ್ಪು ಕಾಣುವುದಿಲ್ಲ, ಹುಡುಕಿ ಸಾಕಾಗುತ್ತದೆ. ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ: ಕ್ವಿಂಟಾಲ್_ಬೆಲೆ. ಎರಡನೆಯದು ಅಂಕಿಗಳು. ಪ್ರೋಗ್ರಾಂ ಸಾಲಿನಲ್ಲಿ ೬೦ ಎಂದು ಕನ್ನಡ ಅಂಕಿ ಬರೆದರೆ ತಪ್ಪು. 60 ಎಂದೇ ಬರೆಯಬೇಕು. ಆದರೆ ಪ್ರೋಗ್ರಾಂ ನಡೆಯುವಾಗ ಬಳಕೆದಾರ ೬೦ ಎಂದು ಕೊಟ್ಟರೆ ಇಂಟ್ ಅದನ್ನು ಅರವತ್ತು ಎಂದೇ ಸರಿಯಾಗಿ ಓದುತ್ತದೆ. ಸಂಖ್ಯೆಯನ್ನು ಕನ್ನಡದಲ್ಲಿ ಬರೆಯುವ ಹಿರಿಯರಿಗೆ ನಿಮ್ಮ ಪ್ರೋಗ್ರಾಂ ಹಾಗೇ ಕೊಡಬಹುದು.

ಕೀಬೋರ್ಡ್ ಪದೇಪದೇ ಬದಲಿಸುವುದು ಬೇಸರವಾದರೆ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲಿ ಇಡಿ. ಮುಂದೆ ಕಂಪನಿಗಳಲ್ಲಿ ಹಾಗೇ ಬರೆಯಬೇಕಾಗುತ್ತದೆ. ಕಲಿಯುವಾಗ ಮಾತ್ರ ಕನ್ನಡ ಹೆಸರಿನಿಂದ ಒಂದು ದೊಡ್ಡ ಲಾಭ: ಪೈಥಾನ್‌ನ ಸ್ವಂತ ಪದ ಯಾವುದು, ನಾವು ಇಟ್ಟ ಹೆಸರು ಯಾವುದು ಎಂಬುದು ಒಂದೇ ನೋಟಕ್ಕೆ ಬೇರೆಯಾಗುತ್ತದೆ.

ಮೊದಲ ಸಾಲು, ಮೊದಲ ಚೀಟಿ

ಶೆಲ್ ಕಿಟಕಿಯಲ್ಲಿ ಹೊಡೆಯಿರಿ:

ಪ್ರಿಂಟ್("ನಮಸ್ಕಾರ ದಾವಣಗೆರೆ")

ಎಂಟರ್ ಒತ್ತಿದರೆ ಉದ್ಧರಣ ಚಿಹ್ನೆಯೊಳಗಿನದು ಹಾಗೇ ಬರುತ್ತದೆ. ಈಗ ಪ್ರಿಂಟ್(42 * 60) ಎಂದು ಕೊಡಿ, 2520 ಬರುತ್ತದೆ. ಪ್ರಿಂಟ್("42 * 60") ಎಂದರೆ 42 * 60 ಎಂದೇ ಬರುತ್ತದೆ. ಚಿಹ್ನೆಯೊಳಗೆ ಇಟ್ಟದ್ದು ಬರಹ, ಹೊರಗಿಟ್ಟದ್ದು ಲೆಕ್ಕ. ಈ ವ್ಯತ್ಯಾಸ ತಲೆಗೆ ಹತ್ತುವವರೆಗೆ ಇಂಥ ಹತ್ತು ಸಾಲು ಹೊಡೆದು ನೋಡಿ, ಮುಂದಿನ ಅರ್ಧ ತೊಂದರೆ ಇದರಿಂದಲೇ ಬರುವುದು. ಸಾಲನ್ನು ವಾಟ್ಸಾಪ್‌ನಿಂದಲೋ ವರ್ಡ್‌ನಿಂದಲೋ ಕಾಪಿ ಮಾಡಿದರೆ ನೇರ ಉದ್ಧರಣ ಚಿಹ್ನೆಯ ಬದಲು ಬಾಗಿದ ಚಿಹ್ನೆ ಬರುತ್ತದೆ, ಪೈಥಾನ್ ಅದನ್ನು ಒಪ್ಪುವುದಿಲ್ಲ. ಪ್ರತಿ ಸಾಲನ್ನೂ ಕೈಯಿಂದಲೇ ಹೊಡೆಯಿರಿ.

ಈಗ ಹೊಸ ಕಡತ ತೆರೆದು ಮೊದಲ ಚೀಟಿ ಬರೆಯೋಣ. 42 ಚೀಲ, ಚೀಲಕ್ಕೆ 60 ಕೆಜಿ, ಕ್ವಿಂಟಾಲ್‌ಗೆ 2400 ರೂಪಾಯಿ. ಇದು 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ. ಆವತ್ತಿನ ಪೇಟೆ ಧಾರಣೆ ಹಾಕಿದರೂ ಆಯಿತು. ಹಮಾಲಿ ಚೀಲಕ್ಕೆ 10 ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡಿದ್ದೇವೆ. ಮೊದಲು ಕಾಗದದಲ್ಲಿ ಮಾಡಿ: 2520 ಕೆಜಿ, 25.2 ಕ್ವಿಂಟಾಲ್, 60,480 ರೂಪಾಯಿ, ಹಮಾಲಿ 420 ಕಳೆದರೆ 60,060. ಇನ್ನು ಕಂಪ್ಯೂಟರ್:

ಚೀಲ = ಇಂಟ್(ಇನ್‌ಪುಟ್("ಎಷ್ಟು ಚೀಲ? "))
ತೂಕ = ಚೀಲ * 60
ಕ್ವಿಂಟಾಲ್ = ತೂಕ / 100
ಹಣ = ಕ್ವಿಂಟಾಲ್ * 2400
ಹಮಾಲಿ = ಚೀಲ * 10
ಪ್ರಿಂಟ್("ಕೈಗೆ ಬರುವ ಹಣ", ಹಣ - ಹಮಾಲಿ)

ಎಫ್5 ಒತ್ತಿ, 42 ಕೊಟ್ಟರೆ 60060.0 ಬರಬೇಕು. ಕೊನೆಯ .0 ಬರುವುದು ಭಾಗಾಕಾರದಿಂದ. ಒಂದು ಓರೆ ಗೆರೆಯ ಭಾಗಾಕಾರ ಯಾವಾಗಲೂ ದಶಮಾಂಶವನ್ನೇ ಕೊಡುತ್ತದೆ. ಸಮ ಚಿಹ್ನೆಯನ್ನು ಶಾಲೆಯ ಸಮೀಕರಣದಂತೆ ಓದಬೇಡಿ. ಬಲಗಡೆಯ ಲೆಕ್ಕ ಮಾಡಿ, ಬಂದದ್ದನ್ನು ಎಡಗಡೆಯ ಹೆಸರಿಗೆ ಹಾಕು ಎಂದು ಓದಿ. ಸಾಲುಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನಡೆಯುತ್ತವೆ. ಹಣ ಎಂಬ ಸಾಲನ್ನು ಕ್ವಿಂಟಾಲ್‌ಗಿಂತ ಮೇಲೆ ಬರೆದರೆ ಇನ್ನೂ ಹುಟ್ಟದ ಹೆಸರನ್ನು ಕರೆದಂತಾಗಿ ನೇಮ್ ಎರರ್ ಬರುತ್ತದೆ.

ಈಗ ಬೇಕೆಂದೇ ಕೆಡಿಸಿ. ಮೊದಲ ಸಾಲಿನಿಂದ ಇಂಟ್ ಮತ್ತು ಅದರ ಆವರಣ ತೆಗೆದು ನಡೆಸಿ, 42 ಕೊಡಿ. ಭಾಗಾಕಾರದ ಸಾಲಿನಲ್ಲಿ ಟೈಪ್ ಎರರ್ ಬಂದು ನಿಲ್ಲುತ್ತದೆ. ತಪ್ಪು ಮಾಡಿದ್ದು ಮೊದಲ ಸಾಲಿನಲ್ಲಿ, ಪೈಥಾನ್ ತೋರಿಸಿದ್ದು ಮೂರನೆಯದನ್ನು. ನಡುವಿನ ಸಾಲು ಹೇಗೆ ದಾಟಿತು? ತೂಕದ ಸಾಲಿನ ಕೆಳಗೆ ಪ್ರಿಂಟ್(ತೂಕ) ಸೇರಿಸಿ ನೋಡಿ: 42424242 ಎಂದು ಉದ್ದಕ್ಕೆ ಸಾಗಿ 120 ಅಂಕಿ ಬರುತ್ತವೆ. ಇನ್‌ಪುಟ್ ಯಾವಾಗಲೂ ಬರಹವನ್ನೇ ಕೊಡುತ್ತದೆ. ಬರಹವನ್ನು 60ರಿಂದ ಗುಣಿಸು ಎಂದರೆ ಪೈಥಾನ್ ಆ ಬರಹವನ್ನು 60 ಸಲ ಬರೆಯುತ್ತದೆ. ಬರಹವನ್ನು ಭಾಗಿಸಲು ಅದಕ್ಕೆ ಬರುವುದಿಲ್ಲ, ಆಗ ನಿಲ್ಲುತ್ತದೆ. ಹೊಸಬರು ಅರ್ಥ ಮಾಡಿಕೊಳ್ಳಲೇಬೇಕಾದ ಒಂದೇ ತಪ್ಪು ಯಾವುದು ಎಂದರೆ ನಾವು ಇದನ್ನೇ ತೋರಿಸುತ್ತೇವೆ. ಅನುಮಾನ ಬಂದ ಕಡೆ ಪ್ರಿಂಟ್ ಹಾಕಿ ನೋಡುವ ಅಭ್ಯಾಸವೂ ಇದರಿಂದಲೇ ಶುರುವಾಗಲಿ.

ಕೆಂಪು ಅಕ್ಷರ ಓದುವುದು

ತಪ್ಪು ಬಂದಾಗ ಕೆಂಪು ಅಕ್ಷರದಲ್ಲಿ ನಾಲ್ಕೈದು ಸಾಲು ಬರುತ್ತವೆ. ಕೊನೆಯ ಸಾಲಿನಿಂದ ಓದಲು ಶುರು ಮಾಡಿ, ತಪ್ಪಿನ ಜಾತಿ ಅಲ್ಲಿರುತ್ತದೆ. ಅದರ ಮೇಲೆ ಸಾಲಿನ ಸಂಖ್ಯೆ ಇರುತ್ತದೆ.

ನೇಮ್ ಎರರ್ ಬಂದರೆ ಕಾಗುಣಿತ ನೋಡಿ: ದೊಡ್ಡ ಅಕ್ಷರ, ಬಿಟ್ಟ ದೀರ್ಘ, ಚಿಲ ಮತ್ತು ಚೀಲ. ವ್ಯಾಲ್ಯೂ ಎರರ್ ಬಂದರೆ ಕೊಟ್ಟ ಮಾಹಿತಿ ಸಂಖ್ಯೆಯಾಗಿಲ್ಲ: 60 ಕೆಜಿ ಎಂದು ಅಕ್ಷರ ಸೇರಿಸಿ ಹೊಡೆದಿರುತ್ತೀರಿ, ಖಾಲಿ ಎಂಟರ್ ಒತ್ತಿರುತ್ತೀರಿ, ಇಲ್ಲವೇ ಇಂಟ್‌ಗೆ 58.5 ಕೊಟ್ಟಿರುತ್ತೀರಿ. ದಶಮಾಂಶ ಬರುವ ಕಡೆ ಫ್ಲೋಟ್ ಬೇಕು. ಸಿಂಟ್ಯಾಕ್ಸ್ ಎರರ್‌ನಲ್ಲಿ ಮಾತ್ರ ತೋರಿಸಿದ ಸಾಲನ್ನು ಪೂರ್ತಿ ನಂಬಬೇಡಿ. ಹಿಂದಿನ ಸಾಲಿನಲ್ಲಿ ಆವರಣ ಮುಚ್ಚದಿದ್ದರೆ ಹಳೆಯ ಆವೃತ್ತಿಗಳು ಮುಂದಿನ ಸಾಲನ್ನು ದೂರುತ್ತವೆ. ತೆರೆದ ಆವರಣ, ಮುಚ್ಚಿದ ಆವರಣ ಎಣಿಸಿ.

ಪ್ರತಿ ಹೊಸ ತಪ್ಪನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಪ್ಪಿನ ಹೆಸರು, ಕಾರಣ, ಸರಿಮಾಡಿದ ರೀತಿ. ಹೊಸಬರ ತಪ್ಪುಗಳು ಹತ್ತು ಹನ್ನೆರಡು ಬಗೆಯಷ್ಟೇ, ಸುತ್ತಿ ಸುತ್ತಿ ಅವೇ ಬರುತ್ತವೆ.

ಷರತ್ತು: ಮಾರಿಕಣಿವೆಯ ಮಟ್ಟ

ಮಾರಿಕಣಿವೆ ಎಂದೂ ಕರೆಯುವ ಹಿರಿಯೂರಿನ ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. 1907ರಲ್ಲಿ ಮುಗಿದ ಈ ಅಣೆಕಟ್ಟೆ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಳೆಗಾಲದಲ್ಲಿ ಚಿತ್ರದುರ್ಗ ಜಿಲ್ಲೆಯವರು ದಿನವೂ ಕೇಳುವ ಸಂಖ್ಯೆ ಅದು, ಷರತ್ತಿನ ಪಾಠಕ್ಕೆ ಬಹಳ ಚೆನ್ನಾಗಿ ಒದಗುತ್ತದೆ.

ಮಟ್ಟ = ಫ್ಲೋಟ್(ಇನ್‌ಪುಟ್("ನೀರಿನ ಮಟ್ಟ, ಅಡಿಯಲ್ಲಿ: "))
ಇಫ್ ಮಟ್ಟ >= 130:
    ಪ್ರಿಂಟ್("ಕೋಡಿ ಬಿದ್ದಿದೆ")
ಎಲಿಫ್ ಮಟ್ಟ >= 120:
    ಪ್ರಿಂಟ್("ತುಂಬಲು ಬಾಕಿ", 130 - ಮಟ್ಟ, "ಅಡಿ")
ಎಲ್ಸ್:
    ಪ್ರಿಂಟ್("ಇನ್ನೂ ತುಂಬಬೇಕು")

ಷರತ್ತಿನ ಸಾಲಿನ ಕೊನೆಗೆ ಕೋಲನ್ ಬೇಕು. ಅದರ ಕೆಳಗಿನ ಸಾಲು ನಾಲ್ಕು ಸ್ಪೇಸ್ ಒಳಗೆ ಸರಿದಿರಬೇಕು. ಬೇರೆ ಭಾಷೆಗಳಲ್ಲಿ ಈ ಜಾಗ ಅಂದಕ್ಕೆ, ಪೈಥಾನ್‌ನಲ್ಲಿ ಇದೇ ಅರ್ಥ: ಒಳಗೆ ಸರಿದ ಸಾಲುಗಳು ಮೇಲಿನ ಷರತ್ತಿಗೆ ಸೇರಿದವು. ಕೋಲನ್ ಹಾಕಿ ಎಂಟರ್ ಒತ್ತಿದರೆ ಐಡಲ್ ತಾನೇ ಜಾಗ ಬಿಡುತ್ತದೆ.

ಷರತ್ತುಗಳ ಕ್ರಮ ಮುಖ್ಯ. ಮೇಲಿನಿಂದ ನೋಡುತ್ತ ಮೊದಲು ನಿಜವಾದದ್ದನ್ನು ಮಾಡಿ ಉಳಿದದ್ದನ್ನು ಪೈಥಾನ್ ಬಿಡುತ್ತದೆ. 120ರ ಷರತ್ತನ್ನು ಮೇಲಿಟ್ಟರೆ 130 ಅಡಿ ಇದ್ದಾಗಲೂ ತುಂಬಲು ಬಾಕಿ 0.0 ಅಡಿ ಎಂದೇ ಬರುತ್ತದೆ, ಕೋಡಿಯ ಸುದ್ದಿ ಬರುವುದೇ ಇಲ್ಲ. ಪರೀಕ್ಷಿಸುವಾಗ ಗಡಿಯ ಮೂರು ಸಂಖ್ಯೆ ಕೊಡಿ: 129.9, 130, 130.1. ದೊಡ್ಡದು ಅಥವಾ ಸಮ ಎಂಬಲ್ಲಿ ಬರೀ ದೊಡ್ಡದು ಎಂದು ಬರೆದ ತಪ್ಪು ಸರಿಯಾಗಿ 130 ಕೊಟ್ಟಾಗ ಮಾತ್ರ ಸಿಕ್ಕಿಬೀಳುತ್ತದೆ. ಎರಡು ಬೆಲೆ ಸಮವೇ ಎಂದು ಕೇಳಲು ಎರಡು ಸಮ ಚಿಹ್ನೆ, ಹೆಸರಿಗೆ ಬೆಲೆ ಹಾಕಲು ಒಂದು.

ಸುತ್ತು: ಒಂದೊಂದೇ ಚೀಲದ ತೂಕ

ನಿಜವಾದ ತೂಕದಲ್ಲಿ ಎಲ್ಲ ಚೀಲವೂ 60 ಕೆಜಿ ಇರುವುದಿಲ್ಲ. ಒಬ್ಬರು ತಕ್ಕಡಿಯ ಅಂಕಿ ಕೂಗುತ್ತಾರೆ, ಇನ್ನೊಬ್ಬರು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ, ಚೀಲ ಮುಗಿದ ಮೇಲೆ ಮೊತ್ತ ಹಾಕುತ್ತಾರೆ. ಎಷ್ಟು ಚೀಲ ಎಂದು ಮೊದಲೇ ಗೊತ್ತಿಲ್ಲದ ಕೆಲಸಕ್ಕೆ ವೈಲ್ ಸುತ್ತು ಬೇಕು.

ಮೊತ್ತ = 0
ಎಣಿಕೆ = 0
ವೈಲ್ ಟ್ರೂ:
    ಕೆಜಿ = ಫ್ಲೋಟ್(ಇನ್‌ಪುಟ್("ಚೀಲದ ತೂಕ, ಮುಗಿದರೆ 0: "))
    ಇಫ್ ಕೆಜಿ == 0:
        ಬ್ರೇಕ್
    ಮೊತ್ತ = ಮೊತ್ತ + ಕೆಜಿ
    ಎಣಿಕೆ = ಎಣಿಕೆ + 1
ಪ್ರಿಂಟ್(ಎಣಿಕೆ, "ಚೀಲ,", ಮೊತ್ತ, "ಕೆಜಿ")

ನಡೆಸುವ ಮೊದಲು ಕಾಗದದಲ್ಲಿ ಮೂರು ಕಾಲಂ ಹಾಕಿ: ಕೆಜಿ, ಮೊತ್ತ, ಎಣಿಕೆ. 58.5 ಬಂದಾಗ ಮೊತ್ತ 58.5, ಎಣಿಕೆ 1. 61 ಬಂದಾಗ 119.5, ಎಣಿಕೆ 2. 60 ಬಂದಾಗ 179.5, ಎಣಿಕೆ 3. 0 ಬಂದಾಗ ಸುತ್ತಿನಿಂದ ಹೊರಗೆ. ಆಮೇಲೆ ನಡೆಸಿ ತಾಳೆ ನೋಡಿ: 3 ಚೀಲ, 179.5 ಕೆಜಿ. ಹೀಗೆ ಕೈಯಲ್ಲಿ ಸುತ್ತು ಓಡಿಸುವುದನ್ನು ಬಿಟ್ಟು ನೇರ ಎಫ್5 ಒತ್ತುವವರು ಸುತ್ತಿನ ಪಾಠದಲ್ಲೇ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಾರೆ. ಕೈಯಲ್ಲಿ ಓಡಿಸುವುದೇ ಪ್ರೋಗ್ರಾಮಿಂಗ್‌ನ ನಿಜವಾದ ಕೆಲಸ, ಟೈಪಿಂಗ್ ಅದರ ನಂತರದ್ದು.

ಇಲ್ಲಿನ ತಪ್ಪುಗಳಿಗೆ ಕೆಂಪು ಅಕ್ಷರವೂ ಬರುವುದಿಲ್ಲ, ಉತ್ತರ ಸುಮ್ಮನೆ ತಪ್ಪಾಗುತ್ತದೆ. ಮೂರು ತಪ್ಪನ್ನು ಬೇಕೆಂದೇ ಮಾಡಿ ನೋಡಿ, ಅದೇ ಮೂರು ತೂಕ ಕೊಡಿ. ಮೊತ್ತ = 0 ಸಾಲನ್ನು ವೈಲ್‌ನ ಒಳಗೆ, ಇನ್‌ಪುಟ್‌ಗಿಂತ ಮೇಲೆ ಇಟ್ಟರೆ 3 ಚೀಲ, 0 ಕೆಜಿ ಬರುತ್ತದೆ; ಪ್ರತಿ ಸುತ್ತಿಗೂ ಮೊತ್ತ ಅಳಿಸಿಹೋಗುತ್ತಿದೆ. ಮೊತ್ತ ಮತ್ತು ಎಣಿಕೆ ಕೂಡಿಸುವ ಎರಡು ಸಾಲನ್ನು ಬ್ರೇಕ್‌ನ ಕೆಳಗೆ ಅಷ್ಟೇ ಒಳಕ್ಕೆ ಸರಿಸಿದರೆ 0 ಚೀಲ, 0 ಕೆಜಿ. ಬ್ರೇಕ್ ಆದ ಮೇಲೆ ಅವುಗಳ ಸರದಿ ಬರುವುದೇ ಇಲ್ಲ. ಅವೇ ಸಾಲುಗಳನ್ನು ಪೂರ್ತಿ ಎಡಕ್ಕೆ ತಂದರೆ 1 ಚೀಲ, 0.0 ಕೆಜಿ, ಸುತ್ತು ಮುಗಿದ ಮೇಲೆ ಒಂದೇ ಸಲ, ಕೊನೆಗೆ ಕೊಟ್ಟ ಸೊನ್ನೆಯನ್ನು ಕೂಡಿಸುತ್ತಿವೆ. ಮೂರರಲ್ಲೂ ಬದಲಾದದ್ದು ಸಾಲಿನ ಜಾಗ ಮಾತ್ರ.

ಇಫ್ ಮತ್ತು ಬ್ರೇಕ್ ಸಾಲು ಎರಡನ್ನೂ ಮರೆತರೆ ಸುತ್ತು ನಿಲ್ಲುವುದೇ ಇಲ್ಲ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ನಿಲ್ಲಿಸಿ, ಕಂಪ್ಯೂಟರ್‌ಗೆ ಏನೂ ಆಗುವುದಿಲ್ಲ.

ಎಷ್ಟು ಸಲ ಎಂದು ಮೊದಲೇ ಗೊತ್ತಿದ್ದರೆ ಫಾರ್ ಸುತ್ತು: ಫಾರ್ ದಿನ ಇನ್ ರೇಂಜ್(1, 6): ಎಂದರೆ ದಿನ 1ರಿಂದ 5ರವರೆಗೆ ಹೋಗುತ್ತದೆ, 6 ಬರುವುದಿಲ್ಲ.

ಪಟ್ಟಿ ಏಕೆ ಬೇಕು

ಮೇಲಿನ ಪ್ರೋಗ್ರಾಂನಲ್ಲಿ ಯಾರೋ 58.5 ಬದಲು 585 ಹೊಡೆದರೆ? ಮೊತ್ತ ಮಾತ್ರ ಉಳಿದಿರುವುದರಿಂದ ತಪ್ಪು ಹುಡುಕಲು ದಾರಿಯಿಲ್ಲ. ಪ್ರತಿ ತೂಕವನ್ನೂ ಇಟ್ಟುಕೊಳ್ಳಲು ಪಟ್ಟಿ ಬಳಸಿ. ಮೇಲೆ ತೂಕಗಳು = [] ಎಂದು ಬರೆದು, ಕೂಡಿಸುವ ಎರಡು ಸಾಲಿನ ಬದಲು ತೂಕಗಳು.ಅಪೆಂಡ್(ಕೆಜಿ) ಎಂದು ಹಾಕಿ. ಆಮೇಲೆ ಲೆನ್(ತೂಕಗಳು) ಎಣಿಕೆ ಕೊಡುತ್ತದೆ, ಸಮ್ ಮೊತ್ತ ಕೊಡುತ್ತದೆ, ಮ್ಯಾಕ್ಸ್ ಮತ್ತು ಮಿನ್ ಅತಿ ಹೆಚ್ಚು, ಅತಿ ಕಡಿಮೆ ತೂಕ ತೋರಿಸುತ್ತವೆ. ಮ್ಯಾಕ್ಸ್ 585 ಎಂದ ಕೂಡಲೇ ತಪ್ಪು ಎಲ್ಲಿ ಎಂದು ಗೊತ್ತಾಗುತ್ತದೆ.

ಪಟ್ಟಿಯ ಮೊದಲ ಸ್ಥಾನ 0. ಮೂರು ಚೀಲ ಇದ್ದರೆ ಸ್ಥಾನಗಳು 0, 1, 2. ತೂಕಗಳು[3] ಎಂದರೆ ಇಂಡೆಕ್ಸ್ ಎರರ್. ಫ್ಲೋಟ್ ಹಾಕದೆ ಬರಹವನ್ನೇ ಪಟ್ಟಿಗೆ ತುಂಬಿದರೆ ಇನ್ನೊಂದು ಮೋಸ: "95" ಮತ್ತು "130" ಎರಡರಲ್ಲಿ ಮ್ಯಾಕ್ಸ್ "95" ಎನ್ನುತ್ತದೆ. ಬರಹವನ್ನು ಅದು ನಿಘಂಟಿನ ಕ್ರಮದಲ್ಲಿ ಮೊದಲ ಅಕ್ಷರದಿಂದ ಹೋಲಿಸುತ್ತದೆ, 9 ಎಂಬುದು 1ರ ನಂತರ ಬರುತ್ತದೆ.

ಫಂಕ್ಷನ್: ಲೆಕ್ಕಕ್ಕೆ ಒಂದು ಹೆಸರು

ಡೆಫ್ ಹಣ_ಲೆಕ್ಕ(ಕೆಜಿ, ಬೆಲೆ):
    ರಿಟರ್ನ್ ಕೆಜಿ / 100 * ಬೆಲೆ

ಈ ಎರಡು ಸಾಲು ಏನೂ ತೋರಿಸುವುದಿಲ್ಲ, ಲೆಕ್ಕವನ್ನು ಕಲಿಸಿ ಇಡುತ್ತವೆ. ಕೆಳಗೆ ಪ್ರಿಂಟ್(ಹಣ_ಲೆಕ್ಕ(179.5, 2400)) ಎಂದು ಕರೆದಾಗ 4308.0 ಬರುತ್ತದೆ. ಶೇಂಗಾಕ್ಕೂ ಅಡಿಕೆಗೂ ಇದೇ ಫಂಕ್ಷನ್, ಬೆಲೆ ಮಾತ್ರ ಬೇರೆ. ರಿಟರ್ನ್ ಬದಲು ಒಳಗೆ ಪ್ರಿಂಟ್ ಬರೆಯುವುದು ಎಲ್ಲ ಹೊಸಬರ ತಪ್ಪು. ಆಗ ಸಂಖ್ಯೆ ಪರದೆಯ ಮೇಲೆ ಕಾಣುತ್ತದೆ, ಆದರೆ ಕರೆದವರ ಕೈಗೆ ಸಿಗುವುದಿಲ್ಲ. ಅದರಿಂದ ಹಮಾಲಿ ಕಳೆಯಲು ಹೋದರೆ ನನ್‌ಟೈಪ್ ಎಂಬ ಪದವಿರುವ ಟೈಪ್ ಎರರ್ ಬರುತ್ತದೆ. ಆ ಪದ ಕಂಡರೆ ರಿಟರ್ನ್ ಮರೆತಿದ್ದೀರಿ ಎಂದೇ ತಿಳಿಯಿರಿ.

ಹಣದ ಲೆಕ್ಕದಲ್ಲಿ ಇನ್ನೊಂದು ಎಚ್ಚರ. ಶೆಲ್‌ನಲ್ಲಿ 0.1 + 0.2 ಹೊಡೆದರೆ 0.30000000000000004 ಬರುತ್ತದೆ. ಕಂಪ್ಯೂಟರ್ ಸಂಖ್ಯೆಗಳನ್ನು ಎರಡರ ಪದ್ಧತಿಯಲ್ಲಿ ಇಡುವುದರಿಂದ ಹತ್ತನೇ ಒಂದು ಭಾಗ ಅದರಲ್ಲಿ ಪೂರ್ತಿ ಕೂರುವುದಿಲ್ಲ. ತೋರಿಸುವಾಗ ರೌಂಡ್(ಹಣ, 2) ಸಾಕು. ಆದರೆ ರೌಂಡ್(2.5) ಎಂದರೆ 2 ಬರುತ್ತದೆ, 3 ಅಲ್ಲ, ಸರಿಯಾಗಿ ಅರ್ಧ ಇದ್ದಾಗ ಪೈಥಾನ್ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. ಅಂಗಡಿ, ಸೊಸೈಟಿ ಲೆಕ್ಕ ಬರೆಯುವಂತಾದರೆ ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಳ್ಳುವುದು ಕ್ಷೇಮ.

ಚೀಟಿಯನ್ನು ಕಡತಕ್ಕೆ ಬರೆಯುವ ಪಾಠಕ್ಕೆ ಹೋದಾಗ, ಓಪನ್ ಆಜ್ಞೆಯಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಮರೆಯದೆ ಕೊಡಿ, ಅದು ಕನ್ನಡ ಅಕ್ಷರಗಳನ್ನು ಉಳಿಸಬಲ್ಲ ಪದ್ಧತಿ. ಕೊಡದಿದ್ದರೆ ವಿಂಡೋಸ್ ತನ್ನ ಹಳೆಯ ಪದ್ಧತಿ ಹಿಡಿದು ಕನ್ನಡ ಅಕ್ಷರ ಬಂದಲ್ಲೇ ಯೂನಿಕೋಡ್ ಎನ್‌ಕೋಡ್ ಎರರ್ ಎನ್ನುತ್ತದೆ.

ಎಷ್ಟು ದಿನ, ಯಾರ ಸಹಾಯ

ದಿನಕ್ಕೆ 45 ನಿಮಿಷ, ವಾರಕ್ಕೆ ಆರು ದಿನ ಕೂತರೆ ಇಲ್ಲಿರುವುದಕ್ಕೆ ಆರರಿಂದ ಎಂಟು ವಾರ ಬೇಕು. ಭಾನುವಾರ ಒಂದೇ ದಿನ ಐದು ಗಂಟೆ ಕೂತರೆ ಮುಂದಿನ ಭಾನುವಾರಕ್ಕೆ ಅರ್ಧ ಮರೆತಿರುತ್ತದೆ. ಸುತ್ತಿಗೆ ಎರಡು ವಾರ ಬೇಕಾದರೂ ಕೊಡಿ, ಬೇಗ ದಾಟಬೇಡಿ.

ಕೋಚಿಂಗ್‌ಗೆ ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಪ್ರತಿ ತರಗತಿಯಲ್ಲಿ ನಾನೇ ಕೀಬೋರ್ಡ್ ಮುಂದೆ ಎಷ್ಟು ಹೊತ್ತು ಕೂರುತ್ತೇನೆ? ಅರ್ಧಕ್ಕಿಂತ ಕಡಿಮೆ ಎಂದರೆ ಬೇಡ. ಎಐ ಚಾಟ್‌ಬಾಟ್ ಬಳಸುವವರು ಪ್ರೋಗ್ರಾಂ ಬರೆದುಕೊಡು ಎಂದು ಕೇಳಬೇಡಿ. ನೀವೇ ಬರೆದು, ಇಪ್ಪತ್ತು ನಿಮಿಷ ಹುಡುಕಿಯೂ ತಪ್ಪು ಸಿಗದಿದ್ದಾಗ, ಈ ತಪ್ಪಿನ ಅರ್ಥ ಕನ್ನಡದಲ್ಲಿ ಹೇಳು, ಸರಿಮಾಡಿದ ಸಾಲು ಕೊಡಬೇಡ ಎಂದು ಕೇಳಿ. ಬರೆಸಿಕೊಂಡವರಿಗೆ ಓದಲು ಬಂದಂತೆ ಅನಿಸುತ್ತದೆ, ಖಾಲಿ ಪರದೆ ಎದುರಾದಾಗ ಒಂದು ಸಾಲೂ ಬರುವುದಿಲ್ಲ.

ಮುಂದಿನ ಹಂತಕ್ಕೆ ಸಿದ್ಧರಾಗಿದ್ದೀರಾ ಎಂದು ತಿಳಿಯಲು ಈ ಪುಟವನ್ನೂ ನೋಟ್‌ಬುಕ್ಕನ್ನೂ ಮುಚ್ಚಿ ಒಂದು ಪ್ರೋಗ್ರಾಂ ಬರೆಯಿರಿ. ಅದು ಒಂದೊಂದೇ ಚೀಲದ ತೂಕ ಕೇಳಬೇಕು, 0 ಕೊಟ್ಟಾಗ ನಿಲ್ಲಬೇಕು. ನಂತರ ಬೆಲೆ ಮತ್ತು ತೇವಾಂಶ ಕೇಳಬೇಕು. ಬೆಂಬಲ ಬೆಲೆ ಖರೀದಿಯಲ್ಲಿ ಮೆಕ್ಕೆಜೋಳಕ್ಕೆ ತೇವಾಂಶದ ಮಿತಿ ಶೇ 14, ಅದಕ್ಕಿಂತ ಹೆಚ್ಚಿದ್ದರೆ ಒಣಗಿಸಿ ತನ್ನಿ ಎಂದು ಹೇಳಿ ಮುಗಿಸಬೇಕು, ಇಲ್ಲದಿದ್ದರೆ ಫಂಕ್ಷನ್ ಕರೆದು ಹಣ ಲೆಕ್ಕ ಹಾಕಬೇಕು. 58.5, 61, 60, ನಂತರ 0, ಬೆಲೆ 2400, ಹಮಾಲಿ ಚೀಲಕ್ಕೆ 10 ಇದ್ದು ತೇವಾಂಶ 14 ಕೊಟ್ಟರೆ 3 ಚೀಲ, 179.5 ಕೆಜಿ, ಒಟ್ಟು 4308.0, ಹಮಾಲಿ 30, ಕೈಗೆ 4278.0 ಬರಬೇಕು. ತೇವಾಂಶ 14.1 ಕೊಟ್ಟರೆ ಒಣಗಿಸಿ ತನ್ನಿ ಎಂಬುದಷ್ಟೇ ಬರಬೇಕು. ಮೊದಲ ತೂಕಕ್ಕೇ 0 ಕೊಟ್ಟರೆ ಏನಾಗುತ್ತದೆ ಎಂದೂ ನೋಡಿ. ಖಾಲಿ ಪಟ್ಟಿಯ ಮೇಲೆ ಮ್ಯಾಕ್ಸ್ ಕರೆದಿದ್ದರೆ ಅಲ್ಲಿ ವ್ಯಾಲ್ಯೂ ಎರರ್ ಕಾದಿರುತ್ತದೆ, ಅದನ್ನು ತಡೆಯುವ ಇಫ್ ಎಲ್ಲಿ ಹಾಕಬೇಕು ಎಂಬುದನ್ನು ನೀವೇ ಹುಡುಕಬೇಕು.